ಸಿಡಿಲಿಗೆ ಹೋದ ಮದರ್‌ಬೋರ್ಡು, ಡಬ್ಬಿಯಲ್ಲಿ ಉಳಿದ ಬೀಗ

ಸಾಗರ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರ ಕಪಾಟಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ತೇವ ಹೀರಲಿ ಎಂದು ಒಳಗೆ ಒಂದು ಹಿಡಿ ಅಕ್ಕಿ ಹರಡಿದ್ದಾರೆ. ಅಕ್ಕಿಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ತುಂಡು. ಅದರ ಒಂದು ತುದಿಯಲ್ಲಿ 25 ಪಿನ್ನು, ಇನ್ನೊಂದು ತುದಿಯಲ್ಲಿ 25 ತೂತು. ಇದಕ್ಕೆ ಡಾಂಗಲ್ ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಸುಮ್ಮನೆ ‘ಲಾಕು’. ಕನ್ನಡ ಟೈಪು ಮಾಡುವ ತಂತ್ರಾಂಶವೊಂದನ್ನು ದುಡ್ಡು ಕೊಟ್ಟು ತಂದಾಗ ಸಿಡಿಯ ಜೊತೆಗೆ ಬಂದದ್ದು. ಕಂಪ್ಯೂಟರಿನ ಬೆನ್ನಿನಲ್ಲಿ ಪ್ರಿಂಟರಿಗೆಂದು ಇರುವ ಬಾಯಿಗೆ ಇದನ್ನು ಸಿಕ್ಕಿಸಿದರೆ ಮಾತ್ರ ಕನ್ನಡ ಮೂಡುತ್ತಿತ್ತು, ತೆಗೆದರೆ ಕೀಲಿಮಣೆ ಮೂಕ.

ಗೆಳೆಯರು ಪ್ರತಿ ಸಂಜೆ ಅದನ್ನು ಕಳಚಿ ಡಬ್ಬಿಗೆ ಹಾಕಿ ಮನೆಗೆ ಹೋಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳ ರಾತ್ರಿ ಗುಡುಗು ಹಿಡಿದು, ಸಿಡಿಲು ತಂತಿಯಲ್ಲಿ ಇಳಿದು ಕಂಪ್ಯೂಟರಿನ ಮದರ್‌ಬೋರ್ಡನ್ನು ಸುಟ್ಟಿತು. ಡಬ್ಬಿಯಲ್ಲಿದ್ದ ಬೀಗಕ್ಕೆ ಏನೂ ಆಗಲಿಲ್ಲ. ಹೊಸ ಕಂಪ್ಯೂಟರು ಬಂತು. ಅದರ ಬೆನ್ನಿನಲ್ಲಿ ಎಷ್ಟು ಹುಡುಕಿದರೂ 25 ಪಿನ್ನಿನ ಬಾಯಿಯೇ ಇಲ್ಲ. ಸಿಡಿ ಇತ್ತು, ಬಿಲ್ಲಿತ್ತು, ಬೀಗ ಇತ್ತು. ಬಾಗಿಲೇ ಇರಲಿಲ್ಲ. ಮಾರಿದ ಕಂಪನಿಗೆ ಫೋನು ಮಾಡಿದರೆ, ಆ ಆವೃತ್ತಿ ನಿಂತು ಬಹಳ ಕಾಲವಾಯಿತು, ಹೊಸದನ್ನು ಕೊಳ್ಳಿ ಎಂಬ ಉತ್ತರ. ಹತ್ತು ಹೆಜ್ಜೆ ಆಚೆ ಇನ್ನೊಂದು ಅಂಗಡಿಯಲ್ಲಿ ಅದೇ ತಂತ್ರಾಂಶದ ಬೀಗ ಒಡೆದ ನಕಲು ಯಾವ ಕಿರಿಕಿರಿಯೂ ಇಲ್ಲದೆ ಓಡುತ್ತಿತ್ತು. “ದುಡ್ಡು ಕೊಟ್ಟವ ಕೆಟ್ಟ ಮಾರಾಯ್ರೆ, ಕದ್ದವ ಬದುಕಿದ” ಎಂದು ಗೆಳೆಯರು ನಕ್ಕರು. ಆ ನಗೆಯಲ್ಲಿ ಸಿಟ್ಟೂ ಇತ್ತು.

ಈ ಅಧ್ಯಾಯ ಆ ಬೀಗದ ಬಗ್ಗೆ.

ತಂತ್ರಾಂಶವೆಂದರೆ ಕೊನೆಗೆ ಸೊನ್ನೆ ಮತ್ತು ಒಂದುಗಳ ಸಾಲು. ಸಾಲನ್ನು ನಕಲು ಮಾಡಿದರೆ ಮೂಲಕ್ಕೂ ನಕಲಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಡಿಕೆ ಹಾಗಲ್ಲ. ಒಂದು ಮೂಟೆ ‘ರಾಶಿ ಇಡಿ’ ಅಡಿಕೆ ನಿಮ್ಮಿಂದ ನನಗೆ ಬಂದರೆ ನಿಮ್ಮಲ್ಲಿ ಒಂದು ಮೂಟೆ ಕಡಿಮೆಯಾಗುತ್ತದೆ. ತಂತ್ರಾಂಶ ಕೊಟ್ಟವನಲ್ಲೂ ಉಳಿಯುತ್ತದೆ, ತೆಗೆದುಕೊಂಡವನಲ್ಲೂ ಇರುತ್ತದೆ. ಹಾಗಾಗಿ ಮಾರುವವರು ಮೊದಲ ದಿನದಿಂದ ಹುಡುಕಿದ್ದು ಒಂದೇ ಉಪಾಯ: ನಕಲಾಗುವ ಸಾಲನ್ನು ನಕಲಾಗದ ಯಾವುದಾದರೊಂದು ವಸ್ತುವಿಗೆ ಕಟ್ಟಿಹಾಕುವುದು. ಬೀಗದ ಚರಿತ್ರೆಯೆಂದರೆ ಆ ವಸ್ತು ಯಾವುದು ಎಂಬುದರ ಚರಿತ್ರೆ. ಮೊದಲು ಫ್ಲಾಪಿ, ಆಮೇಲೆ ಡಾಂಗಲ್, ಆಮೇಲೆ ನಿಮ್ಮ ಕಂಪ್ಯೂಟರೇ, ಈಗ ಎಲ್ಲೋ ದೂರದಲ್ಲಿರುವ ಸರ್ವರು.

ಫ್ಲಾಪಿಯ ಕಾಲದ ಜಾಣತನ ನನಗೆ ಇವತ್ತಿಗೂ ಇಷ್ಟ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶವನ್ನು ಹಾರ್ಡ್ ಡಿಸ್ಕಿಗೆ ಹಾಕಿಕೊಂಡರೂ ಪ್ರತಿ ಸಲ ಶುರುಮಾಡುವಾಗ ಮೂಲ ಫ್ಲಾಪಿಯನ್ನು ಡ್ರೈವಿಗೆ ತುರುಕಬೇಕಿತ್ತು. ಅದು ಮೂಲವೇ ಎಂದು ತಿಳಿಯುವುದು ಹೇಗೆ? ಒಂದು ಹಾದಿ ‘ದುರ್ಬಲ ಬಿಟ್’. ಫ್ಲಾಪಿಯ ಕಾಂತೀಯ ಲೇಪದ ಒಂದು ಜಾಗದಲ್ಲಿ ಸೊನ್ನೆಯೂ ಅಲ್ಲದ, ಒಂದೂ ಅಲ್ಲದ ಗುರುತು ಬರೆದುಬಿಡುತ್ತಿದ್ದರು. ಓದಿದಾಗ ಒಮ್ಮೆ ಸೊನ್ನೆ, ಇನ್ನೊಮ್ಮೆ ಒಂದು. ನಕಲು ಮಾಡುವ ಯಂತ್ರ ಅಲ್ಲಿ ತನಗೆ ಆ ಕ್ಷಣ ಕಂಡದ್ದನ್ನು ಗಟ್ಟಿಯಾಗಿ ಬರೆಯುತ್ತದೆ. ತಂತ್ರಾಂಶ ಆ ಜಾಗವನ್ನು ನಾಲ್ಕಾರು ಸಲ ಓದಿ ನೋಡುತ್ತದೆ. ಪ್ರತಿ ಸಲವೂ ಒಂದೇ ಉತ್ತರ ಬಂದರೆ ಅದು ಕಳ್ಳಮಾಲು! ತಡವರಿಸುವವನು ಸಾಚಾ, ಗಿಣಿಪಾಠ ಒಪ್ಪಿಸುವವನು ನಕಲಿ. ಇನ್ನೊಂದು ಹಾದಿ ಫ್ಲಾಪಿಯ ಮೇಲೆ ಲೇಸರಿನಿಂದ ಒಂದು ಗಾಯ ಮಾಡುವುದು. ತಂತ್ರಾಂಶ ಗಾಯದ ಜಾಗದಲ್ಲಿ ಬರೆಯಲು ಹೋಗುತ್ತದೆ. ಬರೆಯಲು ಬಂದರೆ ಇದು ನಕಲು ಎಂದು ನಿಲ್ಲುತ್ತದೆ.

ಅಮೆರಿಕದಲ್ಲಿ ಇಂಥ ಬೀಗ ಮಾಡುವ ವಾಲ್ಟ್ ಎಂಬ ಕಂಪನಿ, ಬೀಗ ದಾಟುವ ತಂತ್ರಾಂಶ ಮಾರುತ್ತಿದ್ದ ಕ್ವೇಡ್ ಎಂಬ ಕಂಪನಿಯ ಮೇಲೆ ದಾವೆ ಹೂಡಿತು. 1988ರಲ್ಲಿ ಕೋರ್ಟು ಕ್ವೇಡ್ ಪರ ತೀರ್ಪು ಕೊಟ್ಟಿತು. ಕೊಂಡವನು ತನ್ನ ಜೋಪಾನಕ್ಕೆ ಒಂದು ಪ್ರತಿ ಇಟ್ಟುಕೊಳ್ಳುವುದೂ ನ್ಯಾಯವಾದ ಉಪಯೋಗವೇ ಎಂಬುದು ಅದರ ಆಧಾರ.

ಜೋಪಾನದ ಪ್ರತಿ ಎಷ್ಟು ಮುಖ್ಯ ಎನ್ನುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದರ ಜೊತೆ ಪೈಪೋಟಿಗೆ ನಿಲ್ಲುವ ಊರು. ಜುಲೈ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ಬೆನ್ನಿಗೆ ಬೂಷ್ಟು. ಫ್ಲಾಪಿಯನ್ನು ಬಿಟ್ಟೀತೇ? ಸಿಡಿಯಾದರೂ ಬಾಳುತ್ತದೆ ಎಂದುಕೊಂಡಿದ್ದೆವು. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ಎಂಬ ಮಳೆನಾಡಿನಿಂದ ಬಂದ ಒಂದು ಸಿಡಿಯನ್ನು ಸ್ಪೇನಿನ ವಿಜ್ಞಾನಿಗಳು ಪರೀಕ್ಷಿಸಿದಾಗ, ಒಂದು ಶಿಲೀಂಧ್ರ ಅದರ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ತಿಂದದ್ದು ಕಂಡಿತು. ನಮ್ಮ ಅಟ್ಟಗಳಲ್ಲಿ ಹುಡುಕಿದರೆ ಅದರ ನೆಂಟರಿಷ್ಟರು ಖಂಡಿತ ಸಿಕ್ಕಾರು.

ಇನ್ನು ಡಾಂಗಲ್. 1980ರ ಸುಮಾರಿಗೆ ಬ್ರಿಟನ್ನಿನ ವರ್ಡ್‌ಕ್ರಾಫ್ಟ್ ಎಂಬ ಬರವಣಿಗೆಯ ತಂತ್ರಾಂಶದ ಜೊತೆ ಬಂದದ್ದು ಇದರ ಪೂರ್ವಜ. ಹಿಂದೆ ದನದ ಜಾತ್ರೆಯಲ್ಲಿ ವ್ಯಾಪಾರಿಗಳು ಟವೆಲ್ಲಿನ ಅಡಿ ಬೆರಳು ಹಿಡಿದು ದರ ಮಾತಾಡುತ್ತಿದ್ದರಲ್ಲ, ಡಾಂಗಲ್ಲಿನ ಕೆಲಸವೂ ಹಾಗೆಯೇ. ತಂತ್ರಾಂಶ ಆ 25 ಪಿನ್ನಿನ ಬಾಯಿಯ, ಅಂದರೆ ಬಂದರಿನ (ಪೋರ್ಟ್) ಮೂಲಕ ಒಂದು ಸಂಖ್ಯೆಯನ್ನು ಒತ್ತುತ್ತದೆ. ಡಾಂಗಲ್ ತನ್ನೊಳಗಿನ ಗುಟ್ಟಿನ ಪ್ರಕಾರ ಅದನ್ನು ತಿರುಚಿ ಇನ್ನೊಂದು ಸಂಖ್ಯೆಯನ್ನು ಒತ್ತಿ ಉತ್ತರಿಸುತ್ತದೆ. ಗುಟ್ಟು ಯಾವತ್ತೂ ಟವೆಲ್ಲಿನಿಂದ ಹೊರಗೆ ಬರುವುದಿಲ್ಲ. ಪ್ರಶ್ನೆ ಪ್ರತಿ ಸಲ ಬೇರೆಯಾದ್ದರಿಂದ ಹಳೇ ಉತ್ತರವನ್ನು ಕದ್ದು ಕೇಳಿಸಿಕೊಂಡು ಪ್ರಯೋಜನವಿಲ್ಲ. ಇದಕ್ಕೆ ಬೇರೆ ಕರೆಂಟೂ ಬೇಡ, ಬಂದರಿನ ತಂತಿಗಳಲ್ಲೇ ಚೂರುಪಾರು ವಿದ್ಯುತ್ ಹೀರಿಕೊಂಡು ಬದುಕುತ್ತದೆ.

ಬೀಗವೇನೋ ಗಟ್ಟಿ. ಆದರೆ ಕಳ್ಳ ಬೀಗಕ್ಕೆ ಕೈ ಹಾಕಲೇ ಇಲ್ಲ, ಬಾಗಿಲ ಪಟ್ಟಿಯನ್ನೇ ಕಿತ್ತ. ತಂತ್ರಾಂಶದ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ‘ಉತ್ತರ ಸರಿಯಿದ್ದರೆ ಮಾತ್ರ ಮುಂದೆ ಹೋಗು’ ಎಂಬ ಆಜ್ಞೆ ಇರಲೇಬೇಕು. ಇಂಟೆಲ್ ಪ್ರೊಸೆಸರಿನ ಭಾಷೆಯಲ್ಲಿ ಹಾಗೆ ಷರತ್ತು ಹಾಕಿ ಜಿಗಿಸುವ ಒಂದು ಆಜ್ಞೆಯ ಸಂಕೇತ 74. ಅದರ ಜಾಗದಲ್ಲಿ ‘ಇಬಿ’ ಎಂದು ಬರೆದರೆ ‘ಏನೇ ಇರಲಿ, ಜಿಗಿ’ ಎಂದಾಗುತ್ತದೆ. ಎಷ್ಟೋ ಬೀಗಗಳು ಬಿದ್ದದ್ದು ಇಂಥ ಒಂದೆರಡು ಬೈಟಿನ ತಿದ್ದುಪಡಿಗೆ. ಬೀಗ ಒಡೆದ ನಕಲಿಗೆ ಡಾಂಗಲೂ ಬೇಡ, 25 ಪಿನ್ನಿನ ಬಾಯಿಯೂ ಬೇಡ. ಆದ್ದರಿಂದಲೇ ಹತ್ತು ಹೆಜ್ಜೆ ಆಚೆಯ ಅಂಗಡಿಯಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಯುಎಸ್‌ಬಿಯಿಂದ 25 ಪಿನ್ನಿಗೆ ಹೋಗುವ ಕೇಬಲ್ ಸಿಗುತ್ತದಲ್ಲ, ಅದನ್ನು ಹಾಕಿದರೆ ಆಗದೇ? ಗೆಳೆಯರೂ ತಂದು ನೋಡಿದರು. ಆ ಕೇಬಲ್ಲಿಗೆ ಗೊತ್ತಿರುವುದು ಪ್ರಿಂಟರಿನ ಭಾಷೆ ಮಾತ್ರ. ಡಾಂಗಲ್ಲಿಗೆ ಬಂದರಿನ ತಂತಿಗಳನ್ನು ನೇರವಾಗಿ ಮುಟ್ಟುವ ಸಲಿಗೆ ಬೇಕು. ಮೇಲಾಗಿ ಹೊಸ 64 ಬಿಟ್ ವಿಂಡೋಸ್ ಹಳೆಯ 32 ಬಿಟ್ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲ. 16 ಬಿಟ್ ಕಾಲದ ತಂತ್ರಾಂಶಗಳಂತೂ ಅದರಲ್ಲಿ ಓಡುವುದೇ ಇಲ್ಲ, ಏಕೆಂದರೆ ಪ್ರೊಸೆಸರು 64 ಬಿಟ್ ವರಸೆಗೆ ಇಳಿದಾಗ ಹಳೇ ಡಾಸ್ ಲೋಕವನ್ನು ಅಭಿನಯಿಸುವ ಸೌಕರ್ಯವನ್ನು ಬಿಟ್ಟುಕೊಡುತ್ತದೆ. ತಮಾಷೆಯೆಂದರೆ 1990ರ ದಶಕದ ಎಷ್ಟೋ ತಂತ್ರಾಂಶಗಳು ತಾವು 32 ಬಿಟ್ ಆಗಿದ್ದರೂ ಅವುಗಳ ಸೆಟಪ್ ಫೈಲು ಮಾತ್ರ 16 ಬಿಟ್. ಮನೆ ವಾಸಕ್ಕೆ ಯೋಗ್ಯವಾಗಿದೆ, ಹೊಸ್ತಿಲು ದಾಟಲು ಆಗುವುದಿಲ್ಲ.

ಮೂರನೆಯ ಬೀಗದ ಅನುಭವ ನನ್ನದೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಬಿಡಿಭಾಗಗಳನ್ನೇ ಬೀಗ ಮಾಡಿಕೊಂಡಿತು. ಹಾರ್ಡ್ ಡಿಸ್ಕು, ಪ್ರೊಸೆಸರು, ರ‍್ಯಾಮು, ನೆಟ್‌ವರ್ಕ್ ಕಾರ್ಡು ಎಂದು ಹತ್ತು ಬಗೆಯ ಗುರುತು ಹಿಡಿದು, ಅವನ್ನು ಒಂದೊಂದಾಗಿ ‘ಹ್ಯಾಶ್’ ಎಂಬ ಗಣಿತದಲ್ಲಿ ಅರೆದು, ಬಂದದ್ದನ್ನೆಲ್ಲ ಜೋಡಿಸಿ ಒಂದು ಸಂಖ್ಯೆ ಮಾಡುತ್ತಿತ್ತು. ಹ್ಯಾಶ್ ಎಂದರೆ ಕವಳ ಹಾಕಿದ ಹಾಗೆ. ಎಲೆ, ಅಡಿಕೆ, ಸುಣ್ಣ ಸೇರಿ ಬಾಯಿ ಕೆಂಪಾದ ಮೇಲೆ ಆ ಕೆಂಪಿನಿಂದ ಎಲೆಯನ್ನೂ ಅಡಿಕೆಯನ್ನೂ ಬೇರೆ ಮಾಡಲಾಗದು. ಆದರೆ ಸುಣ್ಣ ಒಂದು ಚೂರು ಹೆಚ್ಚಾದರೂ ನಾಲಿಗೆಗೆ ಕೂಡಲೇ ಗೊತ್ತಾಗುತ್ತದೆ. ಹತ್ತು ಗುರುತುಗಳಲ್ಲಿ ಒಂದೆರಡು ಬದಲಾದರೆ ಎಕ್ಸ್‌ಪಿ ಸುಮ್ಮನಿರುತ್ತಿತ್ತು, ಬಹಳ ಬದಲಾದರೆ ಇದು ಬೇರೆ ಯಂತ್ರ ಎಂದು ತಕರಾರು. ಮದರ್‌ಬೋರ್ಡು ಬದಲಿಸಿದರೆ ಮುಗಿಯಿತು, ಏಕೆಂದರೆ ಅದರೊಂದಿಗೆ ಅರ್ಧ ಗುರುತುಗಳೇ ಹೋಗಿರುತ್ತವೆ.

ಹೊಸನಗರದ ಹಳ್ಳಿಮನೆಯಲ್ಲಿ ಸಿಡಿಲಿಗೆ ಮೊದಲು ಬಲಿಯಾಗುವುದು ಟೆಲಿಫೋನ್ ತಂತಿ ಸಿಕ್ಕಿಸಿಕೊಂಡ ಮೋಡೆಮ್ಮು. ಅದರ ಹಿಂದೆ ಮದರ್‌ಬೋರ್ಡು. ನನ್ನದೂ ಹಾಗೇ ಹೋಯಿತು. ಎಕ್ಸ್‌ಪಿಗೆ ಕಂಪನಿಯಿಂದ ಮತ್ತೆ ಒಪ್ಪಿಗೆ ಪಡೆಯಬೇಕಾಯಿತು, ಅದಕ್ಕೆ ಆಕ್ಟಿವೇಶನ್ ಎನ್ನುತ್ತಾರೆ. ಇಂಟರ್‌ನೆಟ್ ಇಲ್ಲದವರು ಫೋನಿನಲ್ಲಿ ಆಕ್ಟಿವೇಟ್ ಮಾಡಬಹುದಿತ್ತು: ಪರದೆಯ ಮೇಲಿನ 50 ಅಂಕಿಗಳನ್ನು ಓದಿ ಹೇಳಿದರೆ ಆ ಕಡೆಯಿಂದ 42 ಅಂಕಿಗಳನ್ನು ಹೇಳುತ್ತಿದ್ದರು. ಹಂಚಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಆ 42 ಅಂಕಿಗಳನ್ನು ಬರೆದುಕೊಳ್ಳುವುದು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಮೂವತ್ತೊಂದನೆಯದಕ್ಕೆ ಲೈನು ಕಡಿದು ಹೋಗಿತ್ತು. ಅಂದು ಸ್ಥಿರ ದೂರವಾಣಿಯಾದರೂ ಇತ್ತು. ಇಂದು ಇದೇ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ತಿಂಗಳಿಗೊಮ್ಮೆ ಸರ್ವರಿಗೆ ಮುಖ ತೋರಿಸಿ ಬರಬೇಕೆನ್ನುವ ತಂತ್ರಾಂಶಗಳನ್ನು ಬರೆಯುವವರು ಆ ಗುಡ್ಡವನ್ನು ಕಂಡವರಲ್ಲ.

ಸರ್ವರನ್ನೇ ಬೀಗ ಮಾಡಿಕೊಂಡರೆ ಅದಕ್ಕೂ ಒಂದು ಸಾವಿದೆ. ಫೋಟೋಶಾಪ್ ಸೇರಿದ್ದ ಅಡೋಬಿಯ ಕ್ರಿಯೇಟಿವ್ ಸೂಟ್ 2 ಬಂದದ್ದು 2005ರಲ್ಲಿ. 2012ರ ಡಿಸೆಂಬರಿನ ಹೊತ್ತಿಗೆ ಅದರ ಆಕ್ಟಿವೇಶನ್ ಸರ್ವರನ್ನು ಕಂಪನಿ ನಿಲ್ಲಿಸಿತು. ದುಡ್ಡು ಕೊಟ್ಟವರು ಮತ್ತೆ ಇನ್‌ಸ್ಟಾಲ್ ಮಾಡಲಾಗದೆ ಒದ್ದಾಡಬಾರದೆಂದು, ಆಕ್ಟಿವೇಶನ್ ಬೇಡದ ಪ್ರತಿಯನ್ನು ಸೀರಿಯಲ್ ನಂಬರಿನ ಸಮೇತ ತನ್ನ ತಾಣದಲ್ಲೇ ಇಟ್ಟಿತು. ಫೋಟೋಶಾಪ್ ಪುಕ್ಕಟೆ ಸಿಗುತ್ತಿದೆ ಎಂದು ಲೋಕವೆಲ್ಲ ಮುಗಿಬಿತ್ತು. ಇದು ಮೊದಲೇ ಕೊಂಡವರಿಗೆ ಮಾತ್ರ ಎಂದು ಕಂಪನಿ ವಿವರಣೆ ಕೊಡಬೇಕಾಯಿತು. ಅಡೋಬಿ ಇಲ್ಲಿ ನಡೆದುಕೊಂಡ ರೀತಿ ಮೆಚ್ಚುವಂಥದ್ದು. ಅಂಗಡಿ ಮುಚ್ಚುವವನು ಬೀಗದಕೈಯನ್ನು ಗಿರಾಕಿಗೆ ಕೊಟ್ಟು ಹೋಗುವುದು ಇರಬೇಕಾದ ಮರ್ಯಾದೆ. ಎಲ್ಲರಲ್ಲೂ ಅದು ಕಾಣುವುದಿಲ್ಲ.

ಇಷ್ಟೆಲ್ಲ ಹೆಣಗಾಡಿ ಹಳೇ ಆವೃತ್ತಿಯನ್ನೇ ಯಾಕೆ ಹಿಡಿದುಕೊಂಡು ಕೂರಬೇಕು ಎಂದು ಬೆಂಗಳೂರಿನ ಹುಡುಗರು ಕೇಳುತ್ತಾರೆ. ಸಾಗರದ ಅಂಗಡಿಗೆ ಬಂದು ಒಂದು ಫೈಲು ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಅಲ್ಡಸ್ ಕಂಪನಿ 1985ರಲ್ಲಿ ತಂದ, ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 1994ರಲ್ಲಿ ಅಡೋಬಿಯ ಕೈಸೇರಿತು, 2001ರ 7.0 ಆವೃತ್ತಿಯೇ ಕೊನೆ. ನಮ್ಮ ಮುದ್ರಣದ ಲೋಕ ಅಲ್ಲೇ ತಂಗಿತು. ಕಾರಣ ಸೋಮಾರಿತನವಲ್ಲ, ಅಕ್ಷರ. ಆ ಕಾಲದ ಕನ್ನಡ ಫಾಂಟುಗಳಿಗೆ ಸ್ವಂತ ಮನೆ ಇರಲಿಲ್ಲ, ಇಂಗ್ಲಿಷು ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗಿದ್ದವು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನೊಳಗೆ ಏಳು ಸಂಕೇತಗಳು ಕೂರುತ್ತವೆ. ‘ಕ’ದ ಮೈ ಇಂಗ್ಲಿಷಿನ ‘ಪಿ’ಯ ಮನೆಯಲ್ಲಿ, ಅದರ ತಲೆಕಟ್ಟು ಫ್ರೆಂಚರು ಬಳಸುವ ಮೊನೆ ಹೊತ್ತ ‘ಎ’ಯ ಮನೆಯಲ್ಲಿ, ‘ನ’ದ ಮೈ ಬ್ರಿಟಿಷರ ಪೌಂಡಿನ ಚಿಹ್ನೆಯ ಮನೆಯಲ್ಲಿ, ನ-ಒತ್ತು ಜರ್ಮನರ ಇಮ್ಮಡಿ ‘ಎಸ್’ ಮನೆಯಲ್ಲಿ. ನುಡಿ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲು ತೆರೆದರೆ ಮನೆಯ ಮೂಲ ಮಾಲೀಕರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಎಲ್ಲ ಕಂಪನಿಗಳ ಬಾಡಿಗೆ ಮನೆಗಳ ಪಟ್ಟಿಯೂ ಒಂದೇ ಅಲ್ಲ. ಒಂದರ ಫೈಲು ಇನ್ನೊಂದರಲ್ಲಿ ಗೋಜಲು.

ಲೋಕದ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್ ಕನ್ನಡಕ್ಕೆ ಸ್ವಂತ ಮನೆ ಕೊಟ್ಟದ್ದು 1991ರಷ್ಟು ಹಿಂದೆಯೇ. ಅದರಲ್ಲಿ ‘ಕನ್ನಡ’ ಎಂದರೆ ಐದೇ ಸಂಕೇತ. ಆದರೆ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇಲ್ಲ. ಹಾಗಾಗಿ ಹಳೇ ಫೈಲು, ಹಳೇ ಫಾಂಟು, ಹಳೇ ಪೇಜ್‌ಮೇಕರು, ಹಳೇ ವಿಂಡೋಸು, ಹಳೇ ಬೀಗ, ಇವು ಒಂದರ ಸೆರಗು ಒಂದು ಹಿಡಿದು ನಿಂತಿವೆ. ಫಾಂಟು ಇದ್ದರೆ ಓದಬಹುದು, ಒಂದಕ್ಷರ ತಿದ್ದಬೇಕಾದರೆ ಟೈಪು ಮಾಡುವ ತಂತ್ರಾಂಶ ಬೇಕು, ಅದಕ್ಕೆ ಬೀಗ ಬೇಕು. ಇಪ್ಪತ್ತು ವರ್ಷದ ಹಿಂದಿನ ಕರೆಯೋಲೆ ಹೋದರೆ ಹೋಗಲಿ. ಊರ ದೇವಸ್ಥಾನದ ಇತಿಹಾಸ, ತೀರಿಕೊಂಡ ಮೇಷ್ಟರ ಹಸ್ತಪ್ರತಿ, ಯಕ್ಷಗಾನ ಮೇಳದ ಪ್ರಸಂಗ, ಇವೂ ಅಲ್ಲೇ ಇವೆ.

ಬೀಗವಿಲ್ಲದ ಹಾದಿಯೂ ಕನ್ನಡದಲ್ಲಿ ಇತ್ತು ಎಂಬುದನ್ನು ಮರೆಯಬಾರದು. ಕಿನ್ನಿಕಂಬಳದ ಕೆ.ಪಿ. ರಾವ್ ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಹಂಚಿಬಿಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಿಂದ ಹಲವು ವರ್ಷ ಉಚಿತವಾಗಿತ್ತು, ಆಮೇಲೆ ಕೀಲಿ ಕೊಂಡು ಬಳಸುವ ತಂತ್ರಾಂಶವಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ನೆರವಿನಿಂದ ಬಂತು. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬೆನ್ನು ಹತ್ತಿ ಜಗಳಕ್ಕೇ ನಿಂತಿದ್ದರು. ಕಾದಂಬರಿಕಾರರಿಗೆ ಇದೆಲ್ಲ ಯಾಕೆ ಎಂದು ಆಗ ನಕ್ಕವರಿದ್ದಾರೆ. ಭಾಷೆಯ ಬೀಗದಕೈ ಯಾರ ಜೇಬಿನಲ್ಲಿರಬೇಕು ಎನ್ನುವುದು ಕಾದಂಬರಿಕಾರ ಕೇಳಲೇಬೇಕಾದ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ.

ತೀರ್ಥಹಳ್ಳಿಯ ಅಡಿಕೆ ಮಂಡಿಗಳಲ್ಲಿ ಇದೇ ಕತೆಗೆ ಇನ್ನೊಂದು ಮುಖ. ಅಲ್ಲಿ ಲೆಕ್ಕವೆಂದರೆ ಟ್ಯಾಲಿ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿಯ ಕೂಸು. ಲೆಕ್ಕದ ತಂತ್ರಾಂಶವನ್ನು ಹಳೆಯದಾಗಿಸುವುದು ಕಂಪನಿಗಿಂತ ಹೆಚ್ಚಾಗಿ ಸರ್ಕಾರ. 2005ರ ಏಪ್ರಿಲ್ 1ಕ್ಕೆ ಕರ್ನಾಟಕದಲ್ಲಿ ವ್ಯಾಟ್ ಬಂತು, 2017ರ ಜುಲೈ 1ಕ್ಕೆ ಜಿಎಸ್‌ಟಿ. ತೆರಿಗೆ ಬದಲಾದಾಗ ಹೊಸ ಆವೃತ್ತಿಗೆ ಹಾರಲೇಬೇಕು. ಹಾರುವಾಗ ಹಳೇ ಲೆಕ್ಕವನ್ನು ಹೊಸ ರೂಪಕ್ಕೆ ಪರಿವರ್ತಿಸುತ್ತಾರೆ. ಆ ದಾರಿ ಏಕಮುಖ, ಹೊಸದು ಬರೆದುದನ್ನು ಹಳೆಯದು ಓದಲಾರದು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪುಸ್ತಕವನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟಿರಬೇಕು. ಅಷ್ಟು ವರ್ಷ ಒಂದು ಕಂಪ್ಯೂಟರು ಮಲೆನಾಡಿನ ಸಿಡಿಲಿನಿಂದ ತಪ್ಪಿಸಿಕೊಂಡರೆ ಅದರ ಅದೃಷ್ಟ. ಪರವಾನಗಿಯನ್ನು ಬೇರೆ ಯಂತ್ರಕ್ಕೆ ಒಯ್ಯುವ ಮೊದಲು ಹಳೆಯದರಲ್ಲಿ ‘ಸರೆಂಡರ್’ ಮಾಡಬೇಕೆನ್ನುವುದು ಇಂಥ ತಂತ್ರಾಂಶಗಳ ರೂಢಿ. ಸುಟ್ಟುಹೋದ ಯಂತ್ರ ಸರೆಂಡರ್ ಮಾಡುವುದು ಹೇಗೆ? ಆಗ ಬಿಲ್ಲು ಮತ್ತು ನೋಂದಾಯಿಸಿದ ಇ-ಮೇಲು ಹಿಡಿದು ಕಂಪನಿಯ ಕದ ತಟ್ಟಬೇಕು. ಅಂಗಡಿಯ ಹುಡುಗನ ಇ-ಮೇಲಿಗೆ ನೋಂದಾಯಿಸಿ, ಹುಡುಗ ಕೆಲಸ ಬಿಟ್ಟು ಹೋಗಿದ್ದರೆ ಕತೆ ಮುಗಿಯಿತು.

ಕಾನೂನು ಏನೆನ್ನುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಜನ ಅಂದುಕೊಂಡಷ್ಟು ಕಠೋರವಾಗಿಲ್ಲ. ಅದರ 52ನೆಯ ಕಲಮು, ನ್ಯಾಯವಾಗಿ ತಂತ್ರಾಂಶದ ಪ್ರತಿ ಹೊಂದಿದವನು ಕಳೆದುಹೋಗುವುದು, ಹಾಳಾಗುವುದರಿಂದ ಕಾಪಾಡಿಕೊಳ್ಳಲು ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬಹುದು ಎನ್ನುತ್ತದೆ. 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಮು ಬಂದು, ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಜೈಲು ಎಂದಿತು. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಬೀಗ ದಾಟಿದರೆ ಈ ಶಿಕ್ಷೆ ತಟ್ಟುವುದಿಲ್ಲ. ಇದರ ಬಾಲದಲ್ಲಿ ಒಂದು ಸ್ವಾರಸ್ಯವಿದೆ: ಇನ್ನೊಬ್ಬರಿಗಾಗಿ ಬೀಗ ದಾಟಿಸಿ ಕೊಡುವವನು ಅವರ ಹೆಸರು, ವಿಳಾಸ, ಉದ್ದೇಶವನ್ನು ಬರೆದಿಡಬೇಕು. ಅಂದರೆ ನಮ್ಮೂರಿನ ಕಂಪ್ಯೂಟರ್ ರಿಪೇರಿಯವನ ಮೇಜಿನ ಮೇಲೆ ಕಾನೂನಿನ ಪ್ರಕಾರ ಒಂದು ರಿಜಿಸ್ಟರ್ ಇರಬೇಕು! ನಾನಂತೂ ಯಾವ ಅಂಗಡಿಯಲ್ಲೂ ಅದನ್ನು ಕಂಡಿಲ್ಲ. ಇನ್ನು ಕಂಪನಿಯ ಕರಾರುಪತ್ರಕ್ಕೆ ನೀವು ಒತ್ತಿದ ‘ಒಪ್ಪಿದೆ’ ಬೇರೆಯೇ ಸಂಗತಿ. ನಕಲಿಯೆಂದು ಗೊತ್ತಿದ್ದೂ ಬಳಸಿದರೆ 63ಬಿ ಕಲಮಿನಲ್ಲಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸವಿದೆ ಎಂಬುದನ್ನು ಹತ್ತು ಹೆಜ್ಜೆ ಆಚೆಯ ಅಂಗಡಿಯವರೂ ತಿಳಿದಿರುವುದು ಒಳ್ಳೆಯದು.

ಗೆಳೆಯರು ಕೊನೆಗೆ ಶಿವಮೊಗ್ಗದಿಂದ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ತಂದರು. ಬೆನ್ನಿನಲ್ಲಿ 25 ಪಿನ್ನಿನ ಬಾಯಿ, ಒಳಗೆ ಎಕ್ಸ್‌ಪಿ. ಇಂಟರ್‌ನೆಟ್ಟಿಗೆ ಜೋಡಿಸಿಲ್ಲ, ಮಳೆಗಾಲದ ಮೋಡ ಕಟ್ಟಿದರೆ ಗೋಡೆಯಿಂದ ಪ್ಲಗ್ಗೇ ಕೀಳುತ್ತಾರೆ. ಹೊಸ ಕಂಪ್ಯೂಟರಿನಲ್ಲಿ ಯೂನಿಕೋಡಿನ ಕೆಲಸ, ಹಳೆಯದರಲ್ಲಿ ಬಿಡುವಾದಾಗ ದಿನಕ್ಕೆ ಹತ್ತು ಹದಿನೈದು ಹಳೇ ಫೈಲು ತೆರೆದು ಪಠ್ಯವನ್ನು ಯೂನಿಕೋಡಿಗೆ ಬದಲಿಸುವುದು. ನುಡಿಯಂಥ ಫಾಂಟುಗಳಿಗೆ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ, ಕಣ್ಣಿಟ್ಟು ತಿದ್ದಬೇಕು. ಹೊಸ ಯಂತ್ರದೊಳಗೇ ಹಳೇ ವಿಂಡೋಸನ್ನು ಓಡಿಸುವ ‘ವರ್ಚುವಲ್ ಮೆಷಿನ್’ ಎಂಬ ಉಪಾಯವೂ ಇದೆ. ಬೀಗ ಕೇಳದ ತಂತ್ರಾಂಶಗಳಿಗೆ ಅದು ಬಹಳ ಚೆನ್ನ.

ನಿಮ್ಮ ಕಪಾಟಿನಲ್ಲೂ ಇಂಥ ಡಬ್ಬಿಯೊಂದಿದ್ದರೆ ಏಪ್ರಿಲ್ ಮುಗಿಯುವುದರೊಳಗೆ ತೆರೆದು ನೋಡಿ. ಸಿಡಿ ಓದಿದರೆ ಅವತ್ತೇ ಎರಡು ಕಡೆ ನಕಲು ಮಾಡಿಡಿ. ಬಿಲ್ಲನ್ನೂ ಕೀಲಿಯ ಅಂಕಿಗಳನ್ನೂ ಫೋಟೋ ತೆಗೆದಿಡಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ಬೀಗವನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬಿಟ್ಟು ಮನೆಗೆ ಹೋಗಬೇಡಿ. ಮೇ ತಿಂಗಳ ಮೊದಲ ಗುಡುಗಿಗೆ ಮುಂಚೆ ನಿಮ್ಮ ಊರಿನ ಒಂದಾದರೂ ಪುಸ್ತಕವನ್ನು ಯೂನಿಕೋಡಿಗೆ ತಂದುಬಿಡಿ.